ಆಫ್‌ರೋಡ್ ಗಾಡಿ, ಸ್ವೇ ಬಾರ್ ಮತ್ತು ವಾಲಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜಿನ ಬೆಂಚಿನ ಮೇಲೆ, ಘಾಟಿ ದಾರಿಯ ಟೀ ಅಂಗಡಿಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸ್ವೇ ಬಾರ್, ಆಂಟಿ-ರೋಲ್ ಬಾರ್, ಸ್ಟೆಬಿಲೈಜರ್ ಬಾರ್ ಮೂರೂ ಒಂದೇ ವಸ್ತು. ನಮ್ಮ ಮೆಕ್ಯಾನಿಕ್‌ಗಳು 'ಸ್ಟೆಬಿಲೈಜರ್ ರಾಡ್' ಅನ್ನುವುದೂ ಇದನ್ನೇ.

## ಬುಡದಿಂದ ಶುರು

ಸ್ವೇ ಬಾರ್ ಅಂದ್ರೆ ಏನು? ಗಾಡಿ ಕೆಳಗೆ ಬಗ್ಗಿ ನೋಡಿದ್ರೆ ಕಾಣುತ್ತಾ?

ಕಾಣುತ್ತದೆ. ಅಗಲವಾದ 'ಯು' ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು ಅದು. ಅದರ ನಡುಭಾಗ ಎರಡು ಬುಷ್‌ಗಳಲ್ಲಿ (ಸರಳನ್ನು ಸುತ್ತಿ ಹಿಡಿಯುವ ರಬ್ಬರ್ ತುಂಡುಗಳು) ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಅಡ್ಡಲಾಗಿ ಕೂತಿರುತ್ತದೆ. ಎರಡು ತುದಿಗಳನ್ನು ಗೇಣುದ್ದದ ಲಿಂಕ್‌ಗಳು ಎಡ ಮತ್ತು ಬಲ ಚಕ್ರದ ಕಡೆಗೆ ಜೋಡಿಸುತ್ತವೆ. ಕೆಲವು ಗಾಡಿಗಳಲ್ಲಿ ಬಾರ್ ಆಕ್ಸಲ್ ಮೇಲೆ ಇರುತ್ತದೆ, ಲಿಂಕ್ ಚಾಸಿಗೆ ಹೋಗುತ್ತದೆ. ಕೆಲಸ ಮಾತ್ರ ಒಂದೇ.

ಒದ್ದೆ ಪಂಚೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೀರಿ ಅಂದುಕೊಳ್ಳಿ. ಎರಡೂ ಕೈಯನ್ನು ಒಂದೇ ಕಡೆಗೆ ತಿರುಗಿಸಿದರೆ ಪಂಚೆ ಸುಮ್ನೆ ತಿರುಗುತ್ತದೆ. ಒಂದು ಕೈ ಆಚೆಗೆ, ಇನ್ನೊಂದು ಈಚೆಗೆ ತಿರುಗಿಸಿದರೆ ಬಿಗಿಯುತ್ತದೆ, ಕೈಗೆ ಎದುರು ಕೊಡುತ್ತದೆ. ಸ್ವೇ ಬಾರ್ ಕೂಡ ಹೀಗೇ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದು ಬುಷ್‌ನಲ್ಲಿ ತಿರುಗಿಕೊಳ್ಳುತ್ತದೆ, ಅಷ್ಟೇ. ಒಂದು ಚಕ್ರ ಮೇಲೆ, ಒಂದು ಕೆಳಗೆ ಹೋದಾಗ ಮಾತ್ರ ತಿರುಚಿಕೊಂಡು ತಡೆಯುತ್ತದೆ. ಈ ಲೇಖನದಲ್ಲಿ ಬರುವ ಎಲ್ಲ ಲಾಭ, ಎಲ್ಲ ತಕರಾರು ಈ ಒಂದು ಗುಣದಿಂದಲೇ ಹುಟ್ಟುವುದು.

ನನ್ನ ಹಳೇ ಕಾರು ಇಷ್ಟು ವಾಲ್ತಿರಲಿಲ್ಲ. ಜೀಪು ಯಾಕೆ ಹೀಗೆ ಓಲಾಡುತ್ತೆ?

ತಿರುವಿನಲ್ಲಿ ಟೈರ್‌ಗಳು ನೆಲವನ್ನು ಹಿಡಿದುಕೊಂಡು ಒಳಕ್ಕೆ ಎಳೆಯುತ್ತವೆ. ಗಾಡಿಯ ತೂಕ ನೇರ ಹೋಗಲು ನೋಡುತ್ತದೆ. ಆ ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಉದ್ದದ ಸನ್ನೆಕೋಲು ಸಿಕ್ಕಿದ ಹಾಗೆ. ಆಫ್‌ರೋಡ್ ಗಾಡಿ ಕಲ್ಲು ದಾಟಬೇಕು, ಹಳ್ಳ ದಾಟಬೇಕು, ಹಾಗಾಗಿ ಎತ್ತರವಾಗಿರುತ್ತದೆ. ಚಕ್ರಗಳು ತುಂಬ ಮೇಲೆ ಕೆಳಗೆ ಆಡಬೇಕು ಅಂತ ಸ್ಪ್ರಿಂಗ್ ಮೆತ್ತಗಿರುತ್ತದೆ.

ಅಖಂಡ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ತೊಲೆಯಂತೆ ಜೋಡಿಸುವ ಆಕ್ಸಲ್, ಇರುವ ಗಾಡಿಯಲ್ಲಿ ಇನ್ನೊಂದು ಕಾರಣವೂ ಇದೆ. ಅಲ್ಲಿ ಸ್ಪ್ರಿಂಗ್‌ಗಳು ಚಕ್ರದ ಪಕ್ಕದಲ್ಲಿ ಇರುವುದಿಲ್ಲ, ಚಾಸಿಯ ಅಗಲಕ್ಕೆ ಒಳಗೆ ಸರಿದಿರುತ್ತವೆ. ಕಾಲು ಹತ್ತಿರ ಇಟ್ಟುಕೊಂಡು ನಿಂತವನನ್ನು ತಳ್ಳುವುದು ಸುಲಭ, ಅಲ್ವಾ? ಸ್ಪ್ರಿಂಗ್‌ಗಳ ನಡುವಿನ ದೂರ ಅರ್ಧವಾದರೆ ವಾಲುವುದನ್ನು ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾದ್ರೆ ಕಂಪನಿಯವರೇ ದಪ್ಪ ಬಾರ್ ಯಾಕೆ ಹಾಕಿಲ್ಲ? ದುಡ್ಡು ಉಳಿಸೋಕಾ?

ಉಕ್ಕಿನ ನಾಲ್ಕು ಮಿಲಿಮೀಟರ್‌ಗೆ ಅಂಥ ದುಡ್ಡೇನೂ ಉಳಿಯುವುದಿಲ್ಲ. ದಪ್ಪ ಬಾರ್ ಹಾಕಿದರೆ ಹೊಂಡದ ದಾರಿಯಲ್ಲಿ ಸವಾರಿ ಒರಟಾಗುತ್ತದೆ, ಚಕ್ರಗಳ ಆಟ ಕಡಿಮೆಯಾಗುತ್ತದೆ. ಜತೆಗೆ ಗಾಡಿ ಮಾರುವವರು ಅಪ್ಪ ಓಡಿಸಿದರೂ, ಮಗ ಓಡಿಸಿದರೂ, ಐದು ಜನ ಕೂತರೂ ಕೈತಪ್ಪದ ಹಾಗೆ ಹೊಂದಿಸಬೇಕು. ಮೂಲ ಬಾರ್ ಅನ್ನುವುದು ಒಂದು ರಾಜಿ. ನಿಮ್ಮ ಬಳಕೆ ಬೇರೆಯಾಗಿದ್ದರೆ ಮಾತ್ರ ಆ ರಾಜಿಯನ್ನು ಮುರಿಯಲು ಅರ್ಥವಿದೆ.

ಎಸ್ಟೇಟ್ ಜೀಪುಗಳಿಗೆ ಈ ಬಾರೇ ಇಲ್ಲ. ಅವು ಹೇಗೆ ಓಡ್ತಿವೆ?

ಹಳೆಯ ವಿಲ್ಲಿಸ್ ಜೀಪಿಗೂ ಇರಲಿಲ್ಲ. ಎರಡೂ ಕಡೆ ಕಮಾನು ಪಟ್ಟಿ, ಅಖಂಡ ಆಕ್ಸಲ್. ಆ ಪಟ್ಟಿಗಳೇ ಎಷ್ಟು ಗಟ್ಟಿ ಅಂದರೆ ಅವೇ ವಾಲುವುದನ್ನು ತಡೆಯುತ್ತಿದ್ದವು, ಜತೆಗೆ ನಿಮ್ಮ ಸೊಂಟವನ್ನೂ ವಿಚಾರಿಸಿಕೊಳ್ಳುತ್ತಿದ್ದವು. ಮಾಂದಲಪಟ್ಟಿಗೆ ಜನ ಹೊತ್ತು ಹತ್ತುವ ಜೀಪುಗಳನ್ನು ನೋಡಿ. ಅವುಗಳ ವೇಗವೂ ಅಷ್ಟಕ್ಕಷ್ಟೇ. ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಬಂದು, ಅದೇ ಗಾಡಿ ಹೈವೇಯಲ್ಲಿ ನೂರರಲ್ಲಿ ಓಡಬೇಕು ಅಂತಾದಾಗ ಬಾರ್ ಬೇಕೇ ಬೇಕಾಯಿತು.

ಪ್ಯಾನ್‌ಹಾರ್ಡ್ ರಾಡ್ ಅಂತಾರಲ್ಲ, ಅದೂ ಇದೇನಾ?

ಅಲ್ಲ. ಅದು ಆಕ್ಸಲ್ ಎಡಕ್ಕೆ ಬಲಕ್ಕೆ ಸರಿಯದಂತೆ ಹಿಡಿಯುವ ಸರಳು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಮಾರುತಿ ಸುಜುಕಿ ಜಿಮ್ನಿಯಲ್ಲಿ ಮುಂದೆಯೂ ಇದೆ, ಹಿಂದೆಯೂ ಇದೆ. ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತಿದ್ದರೆ ಮೊದಲು ಇದರ ಬುಷ್ ಮತ್ತು ಸ್ಟೀರಿಂಗ್ ಕೀಲುಗಳನ್ನು ನೋಡಿಸಿ. ಸ್ವೇ ಬಾರ್ ಬದಲಿಸಿದರೆ ಆ ನಡುಕ ಹೋಗುವುದಿಲ್ಲ.

## ದುಡ್ಡು ಕೊಡುವ ಮೊದಲು

ದಪ್ಪ ಬಾರ್ ಹಾಕಿಸಿದ್ರೆ ವಾಲೋದು ಎಷ್ಟು ಕಡಿಮೆ ಆಗುತ್ತೆ? ನೇರವಾಗಿ ಹೇಳಿ.

ಮಾರುವವರು ಒಂದು ಲೆಕ್ಕ ಹೇಳುತ್ತಾರೆ, ಸುಳ್ಳಲ್ಲ. ಬಾರ್‌ನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 25 ಮಿ.ಮೀ. ಬಾರ್ ತೆಗೆದು 28 ಮಿ.ಮೀ. ಹಾಕಿದರೆ ದಪ್ಪ ಹೆಚ್ಚಿದ್ದು ನೂರಕ್ಕೆ 12, ಬಿಗಿ ಹೆಚ್ಚಿದ್ದು ನೂರಕ್ಕೆ 57. ಅದೇ 30 ಮಿ.ಮೀ. ಹಾಕಿದರೆ ಬಿಗಿ ಎರಡರಷ್ಟಕ್ಕಿಂತ ಜಾಸ್ತಿ.

ಆದರೆ ಗಾಡಿಯ ವಾಲಾಟ 57ರಷ್ಟು ಇಳಿಯುವುದಿಲ್ಲ. ಯಾಕೆಂದರೆ ವಾಲುವುದನ್ನು ಬಾರ್ ಒಂದೇ ತಡೆಯುತ್ತಿಲ್ಲ, ಸ್ಪ್ರಿಂಗ್‌ಗಳೂ ತಡೆಯುತ್ತಿವೆ. ಒಂದು ಗಾಡಿಯಲ್ಲಿ ಒಟ್ಟು ತಡೆಯ 60 ಪಾಲು ಸ್ಪ್ರಿಂಗ್‌ಗಳದ್ದು, 40 ಪಾಲು ಮುಂದಿನ ಬಾರ್‌ದು ಅಂತ ಇಟ್ಟುಕೊಳ್ಳೋಣ. ಒಂದು ತಿರುವಿನಲ್ಲಿ ಅದು 6 ಡಿಗ್ರಿ ವಾಲುತ್ತಿತ್ತು. ಹೊಸ ಬಾರ್‌ನಿಂದ 40 ಇದ್ದದ್ದು 63 ಆಯಿತು. ಒಟ್ಟು 123. ಅದೇ ತಿರುವು, ಅದೇ ವೇಗ: ಈಗ ಸುಮಾರು 4.9 ಡಿಗ್ರಿ. ಅಂದರೆ ಇಳಿದದ್ದು ಒಂದು ಡಿಗ್ರಿ ಚಿಲ್ಲರೆ.

ಒಂದು ಡಿಗ್ರಿ ಅಂದರೆ ಕಡಿಮೆ ಅನಿಸಬಹುದು. ಸೀಟಿನಲ್ಲಿ ಕೂತವರಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಗೊತ್ತಾಗುವುದು ಸ್ಟೀರಿಂಗ್ ತಿರುಗಿಸಿದ ತಕ್ಷಣ ಗಾಡಿ ಸ್ಪಂದಿಸುವ ರೀತಿ. ಮೊದಲು ವಾಲಿ, ಆಮೇಲೆ ತಿರುಗುತ್ತಿದ್ದದ್ದು ಈಗ ಬೇಗ ತಿರುಗುತ್ತದೆ. 'ಅರ್ಧಕ್ಕರ್ಧ ವಾಲಾಟ ಹೋಯ್ತು' ಅಂತ ಯಾರಾದರೂ ಹೇಳಿದರೆ, ಅವರ ಹಳೆಯ ಲಿಂಕ್‌ಗಳೇ ಸವೆದುಹೋಗಿದ್ದವೇನೋ ಅಂತ ನನಗೆ ಅನುಮಾನ.

ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. 20 ಮೀಟರ್ ತ್ರಿಜ್ಯದ ಘಾಟಿ ತಿರುವನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಗಾಡಿಯ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಅದನ್ನೇ 25ರಲ್ಲಿ ತೆಗೆದುಕೊಂಡರೆ ಆ ಬಲ ಅರ್ಧಕ್ಕಿಂತ ಕಡಿಮೆ. ಯಾವ ಬಾರೂ ಇಷ್ಟು ಕೊಡುವುದಿಲ್ಲ, ಮತ್ತು ಇದಕ್ಕೆ ಖರ್ಚಿಲ್ಲ.

ಬಾರ್ ಹಾಕಿಸಿದ್ರೆ ಗಾಡಿ ಪಲ್ಟಿ ಆಗೋದು ತಪ್ಪುತ್ತಾ?

ಇಲ್ಲ. ಇದೊಂದು ತಪ್ಪು ತಿಳಿವಳಿಕೆ ಹೋದರೆ ಸಾಕು ಅಂತ ನಾನು ಈ ಪ್ರಶ್ನೆಗಳನ್ನು ಒಟ್ಟು ಮಾಡಿದ್ದು.

ತಿರುವಿನಲ್ಲಿ ಒಳಗಿನ ಚಕ್ರಗಳ ಮೇಲಿದ್ದ ತೂಕ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದನ್ನು ನಿರ್ಧರಿಸುವುದು ನಾಲ್ಕೇ ವಿಷಯ: ಗಾಡಿಯ ತೂಕ, ತೂಕದ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ಬಿರುಸು. 1500 ಕಿಲೋ ಗಾಡಿ, ಕೇಂದ್ರ 70 ಸೆಂ.ಮೀ. ಎತ್ತರ, ಚಕ್ರಗಳ ನಡುವೆ ಒಂದೂವರೆ ಮೀಟರ್. ಮೇಲೆ ಹೇಳಿದ 36ರ ತಿರುವಿನಲ್ಲಿ 350 ಕಿಲೋ ಆಚೆಗೆ ಹೋಗುತ್ತದೆ. ಬಾರ್ ಇದ್ದರೂ ಸುಮಾರು 350, ಇಲ್ಲದಿದ್ದರೂ ಸುಮಾರು 350. ಈ ಲೆಕ್ಕದಲ್ಲಿ ಬಾರ್‌ಗೆ ಜಾಗವೇ ಇಲ್ಲ.

ವಾಲಿದಾಗ ಕೇಂದ್ರ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಬಾರ್ ಅದನ್ನು ಒಂದಿಷ್ಟು ತಡೆಯುತ್ತದೆ. ಅದು ಸೆಂಟಿಮೀಟರ್‌ಗಳ ಮಾತು. ಗಾಬರಿಯಲ್ಲಿ ಸ್ಟೀರಿಂಗ್ ಎಡಕ್ಕೆ ಎಳೆದು ಬಲಕ್ಕೆ ಎಳೆದಾಗ ಗಾಡಿ ತೂಗುಯ್ಯಾಲೆಯಂತೆ ತೂಗುವುದನ್ನೂ ಬಾರ್ ಕಡಿಮೆ ಮಾಡುತ್ತದೆ, ಅದು ನಿಜವಾದ ಉಪಕಾರ. ಆದರೆ ಎತ್ತರದ ಗಾಡಿ ಎತ್ತರದ ಗಾಡಿಯೇ.

ನನಗೆ ಭಯವಿರುವುದು ಬೇರೆ ಕಡೆ. ವಾಲುವುದು ಒಂದು ಎಚ್ಚರಿಕೆ. 'ಸಾಕು ನಿಧಾನಿಸು' ಅಂತ ಗಾಡಿ ಹೇಳುವ ರೀತಿ ಅದು. ಗಟ್ಟಿ ಬಾರ್ ಹಾಕಿದ ಮೇಲೆ ಗಾಡಿ ಮಟ್ಟಸವಾಗಿ ನಿಲ್ಲುತ್ತದೆ, ನಾವು ಅದೇ ತಿರುವಿಗೆ ಹತ್ತು ಕಿ.ಮೀ. ಜಾಸ್ತಿ ವೇಗದಲ್ಲಿ ನುಗ್ಗುತ್ತೇವೆ. ಎಚ್ಚರಿಕೆಯ ಗಂಟೆಯನ್ನು ಸಣ್ಣ ಮಾಡಿ, ಬೆಂಕಿಗೆ ಇನ್ನೂ ಹತ್ತಿರ ಹೋದ ಹಾಗೆ.

ಶಾಕ್ ಅಬ್ಸಾರ್ಬರ್ ಬದಲಿಸಿದ್ರೆ ವಾಲೋದು ನಿಲ್ಲಲ್ವಾ?

ಶಾಕ್ ತಡೆಯುವುದು ಚಲನೆಯ ವೇಗವನ್ನು. ಅಂದರೆ ಗಾಡಿ ಎಷ್ಟು ಬೇಗ ವಾಲುತ್ತದೆ ಅನ್ನುವುದು ಶಾಕ್‌ನ ಕೈಯಲ್ಲಿದೆ, ಕೊನೆಗೆ ಎಷ್ಟು ವಾಲುತ್ತದೆ ಅನ್ನುವುದು ಸ್ಪ್ರಿಂಗ್ ಮತ್ತು ಬಾರ್ ಕೈಯಲ್ಲಿ. ಉದ್ದನೆಯ ತಿರುವಿನಲ್ಲಿ ಒಳ್ಳೆಯ ಶಾಕ್ ಇದ್ದರೂ ಗಾಡಿ ನಿಧಾನವಾಗಿ ಅಷ್ಟೇ ವಾಲುತ್ತದೆ. ಆದರೆ ನಿಮ್ಮ ಕಷ್ಟ 'ಓಲಾಟ' ಆಗಿದ್ದರೆ, ಅಂದರೆ ತಿರುವು ಮುಗಿದ ಮೇಲೂ ಗಾಡಿ ಎರಡು ಮೂರು ಸಲ ತೂಗುತ್ತಿದ್ದರೆ, ಬೇಕಿರುವುದು ಶಾಕ್, ಬಾರ್ ಅಲ್ಲ.

ಮೊದಲು ಚೆನ್ನಾಗಿತ್ತು. ಈಗ ಈಗ ಜಾಸ್ತಿ ವಾಲ್ತಿದೆ, ಸಣ್ಣ ಹೊಂಡಕ್ಕೂ ಟಕ್ ಟಕ್ ಅನ್ನುತ್ತೆ. ಬಾರ್ ಬದಲಿಸ್ಲಾ?

ಬಾರ್ ಸುಮ್ನೆ ಸವೆಯುವ ವಸ್ತುವಲ್ಲ. ಸವೆಯುವುದು ಲಿಂಕ್ ಮತ್ತು ಬುಷ್. ಮಲೆನಾಡಿನ ಕೆಸರಲ್ಲಿ ಓಡುವ ಗಾಡಿಯಲ್ಲಂತೂ ಲಿಂಕ್‌ನ ಕೀಲಿನ ರಬ್ಬರ್ ಹರಿದು ಒಳಗೆ ಮಣ್ಣು ಸೇರಿದರೆ ಕಥೆ ಮುಗಿಯಿತು. ನಿಧಾನ ವೇಗದಲ್ಲಿ, ಒಂದೇ ಚಕ್ರ ಹೊಂಡಕ್ಕೆ ಬಿದ್ದಾಗ ಬರುವ ಟಕ್ ಶಬ್ದ ಲಿಂಕ್‌ನ ಗುರುತು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೆಳಗೆ ಕೈ ಹಾಕಿ ಲಿಂಕ್ ಹಿಡಿದು ಜಗ್ಗಿ ನೋಡಿ. ಕೀಲಿನಲ್ಲಿ ಕಟಕಟ ಆಟ ಇದ್ದರೆ ಸಿಕ್ಕಿಬಿತ್ತು. ಆಟವಿರುವ ಲಿಂಕ್ ಅಂದರೆ ಮೊದಲ ಒಂದಷ್ಟು ವಾಲಾಟಕ್ಕೆ ಬಾರ್ ಕೆಲಸವನ್ನೇ ಮಾಡುತ್ತಿಲ್ಲ ಅಂತ ಅರ್ಥ. ಬಾರ್‌ನ ಬೆಲೆಯ ಎಷ್ಟೋ ಕಡಿಮೆ ಖರ್ಚಿನಲ್ಲಿ ಹಳೆಯ ಗಾಡಿ ವಾಪಸ್ ಬರುತ್ತದೆ. ದಪ್ಪ ಬಾರ್ ಬೇಕು ಅಂತ ನನ್ನ ಹತ್ತಿರ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೇಲೆ ಕ್ಯಾರಿಯರ್, ಟೆಂಟ್ ಎಲ್ಲ ಹಾಕಿಸಿದೀನಿ. ಅದರಿಂದಲೂ ವ್ಯತ್ಯಾಸ ಆಗುತ್ತಾ?

ತುಂಬಾ. ಮೇಲಿನ ಅದೇ 1500 ಕಿಲೋ ಗಾಡಿಯ ನೆತ್ತಿಯ ಮೇಲೆ, 1.9 ಮೀಟರ್ ಎತ್ತರದಲ್ಲಿ, 60 ಕಿಲೋ ಇಟ್ಟರೆ ತೂಕದ ಕೇಂದ್ರ ಸುಮಾರು 4.6 ಸೆಂ.ಮೀ. ಮೇಲೇರುತ್ತದೆ. ಎರಡು ಇಂಚು ಲಿಫ್ಟ್ ಮಾಡಿಸಿದಷ್ಟೇ, ಅಂದರೆ ಗಾಡಿಯ ಮೈಯನ್ನು ಅಷ್ಟು ಎತ್ತರಿಸಿದಷ್ಟೇ, ಆಯಿತು ಹೆಚ್ಚುಕಡಿಮೆ. ಅರ್ಧ ವರ್ಷ ಬಳಸದ ಟೆಂಟನ್ನು ಕೆಳಗಿಳಿಸಿ ಅಟ್ಟದ ಮೇಲಿಡಿ, ಆಮೇಲೆ ಬಾರ್ ವಿಷಯ ಮಾತಾಡೋಣ.

ಎರಡು ಇಂಚು ಲಿಫ್ಟ್ ಮಾಡಿಸಿದೆ. ಹಳೇ ಬಾರ್ ಹಾಗೇ ಇರಲಿ ಅಂದ್ರು. ಸರಿನಾ?

ಬಾರ್ ಇರಬಹುದು, ಹಳೆಯ ಲಿಂಕ್ ಇರಬಾರದು. ಗಾಡಿ 50 ಮಿ.ಮೀ. ಮೇಲೇರಿದಾಗ ಬಾರ್‌ನ ತೋಳುಗಳು ಕೆಳಕ್ಕೆ ಜೋತುಬೀಳುತ್ತವೆ. ಚಕ್ರ ಪೂರ್ತಿ ಕೆಳಗಿಳಿದಾಗ ಲಿಂಕ್ ಅಡ್ಡ ತಿರುಗಿ ಸಿಕ್ಕಿಕೊಳ್ಳಬಹುದು, ಬ್ರೇಕ್ ಪೈಪಿಗೆ ಉಜ್ಜಬಹುದು. ಅಷ್ಟೇ ಉದ್ದ ಹೆಚ್ಚಿಸಿದ ಲಿಂಕ್ ಹಾಕಿ, ತೋಳು ಮೊದಲಿನ ಕೋನಕ್ಕೆ ಬರುವಂತೆ ನೋಡಿಕೊಳ್ಳಬೇಕು. ಉದ್ದ ಹೊಂದಿಸಬಹುದಾದ ಲಿಂಕ್ ಆದರೆ ಗಾಡಿ ತನ್ನ ಕಾಲ ಮೇಲೆ, ಸಮನೆಲದಲ್ಲಿ ನಿಂತಿರುವಾಗಲೇ ಕೊನೆಯ ಬೋಲ್ಟು ಬಿಗಿಯಿರಿ. ಜಾಕ್ ಮೇಲಿದ್ದಾಗ ಬಿಗಿದರೆ ಬಾರ್ ಒಂದು ಕಡೆಗೆ ತಿರುಚಿಕೊಂಡೇ ಕೂತಿರಬಹುದು. ಆಗ ಗಾಡಿ ಎಡ ತಿರುವಿಗೆ ಒಂದು ಥರ, ಬಲ ತಿರುವಿಗೆ ಇನ್ನೊಂದು ಥರ ಆಡುತ್ತದೆ.

ಸವಾರಿ ಗಟ್ಟಿ ಆಗುತ್ತಾ? ಹಿಂದೆ ಕೂತ ಅಮ್ಮ ಬೈತಾರೆ.

ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪ್‌ಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದು ಪಕ್ಕ ಮಾತ್ರ ಹೊಂಡವಿರುವ ದಾರಿಯಲ್ಲಿ ಗೊತ್ತಾಗುತ್ತದೆ. ಎಡಗಡೆಯ ಏಟನ್ನು ಬಾರ್ ಬಲಗಡೆಗೂ ಹಂಚುತ್ತದೆ, ಕೂತವರ ತಲೆ ಆಚೀಚೆ ಅಲ್ಲಾಡುತ್ತದೆ. ನಮ್ಮ ಹಳ್ಳಿ ರಸ್ತೆಗಳಲ್ಲಿ ಎರಡನೇ ಜಾತಿಯ ಹೊಂಡಗಳೇ ಜಾಸ್ತಿ. ಅಮ್ಮನಿಗೆ ಮುಂದಿನ ಸೀಟು ಕೊಡಿ.

ಇದನ್ನು ಹಾಕಿಸಿದ್ರೆ ಆರ್‌ಟಿಒ ತೊಂದರೆ ಇರುತ್ತಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಬದಲಾವಣೆಗಳ ಬಗ್ಗೆ ಹೇಳುತ್ತದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಮೂಲ ಜಾಗದಲ್ಲೇ ಕೂರುವ ಬಾರ್, ಅಗಲ ಟೈರು ಅಥವಾ ಲಿಫ್ಟ್‌ನಂತೆ ಹೊರಗೆ ಎದ್ದು ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ವಾರಂಟಿ ಇರುವ ಗಾಡಿಯಾದರೆ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ವಿಮೆಯವರಿಗೂ ತಿಳಿಸಿ. ಚಾಸಿಗೆ ತೂತು ಕೊರೆದು, ವೆಲ್ಡ್ ಮಾಡಿ ಕೂರಿಸುವ ಕಿಟ್‌ಗಳ ಸಹವಾಸ ಬೇಡ.

## ಕಾಡು ದಾರಿಗೆ ಇಳಿದ ಮೇಲೆ

ಆಫ್‌ರೋಡ್ ಮಾಡುವಾಗ ಬಾರ್ ಬಿಚ್ಚಿಡಬೇಕು ಅಂತಾರೆ. ಹಾಕಿದ್ದನ್ನ ಬಿಚ್ಚೋದು ಯಾಕೆ?

ರಸ್ತೆಯಲ್ಲಿ ಬಾರ್‌ನ ಯಾವ ಗುಣ ಬೇಕೋ, ಕಲ್ಲಿನ ಮೇಲೆ ಅದೇ ಬೇಡ. ಎಡ ಮುಂಚಕ್ರ ಬಂಡೆಯ ಮೇಲೆ, ಬಲ ಮುಂಚಕ್ರ ಗುಂಡಿಯಲ್ಲಿ. ಬಲ ಚಕ್ರ ಕೆಳಗಿಳಿದು ನೆಲ ಮುಟ್ಟಬೇಕು, ಆದರೆ ಬಾರ್ ಅದನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಚಕ್ರ ಗಾಳಿಯಲ್ಲಿ ತೇಲುತ್ತದೆ. ಡಿಫರೆನ್ಷಿಯಲ್ ಲಾಕ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ತೇಲಿದ ಚಕ್ರವೇ ಗರಗರ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಲಿಂಕ್ ಬಿಚ್ಚಿದರೆ ಚಕ್ರಗಳು ಸ್ವತಂತ್ರ. ಇದನ್ನು ಅಳೆಯಲು 20 ಡಿಗ್ರಿ ಇಳಿಜಾರಿನ ರ‍್ಯಾಂಪ್ ಬಳಸುತ್ತಾರೆ. ಒಂದು ಮುಂಚಕ್ರವನ್ನು ಅದರ ಮೇಲೆ ಹತ್ತಿಸಿ, ಬೇರೆ ಚಕ್ರ ನೆಲ ಬಿಡುವವರೆಗೆ ಎಷ್ಟು ದೂರ ಹೋಯಿತು ಅಂತ ನೋಡುತ್ತಾರೆ. ಆ ದೂರವನ್ನು ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರದಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ. ಐದು ಬಾಗಿಲಿನ ಜಿಮ್ನಿಯ ಚಕ್ರಗಳ ದೂರ 2590 ಮಿ.ಮೀ. ಅದು 1300 ಮಿ.ಮೀ. ಹತ್ತಿದರೆ ಅಂಕ 502. ಬಾರ್ ದಪ್ಪ ಮಾಡಿದಷ್ಟೂ ಈ ಅಂಕ ಇಳಿಯುತ್ತದೆ.

ನನ್ನದು ಹೊಸ ಥಾರ್. ಫ್ರೆಂಡ್‌ದು ಜಿಮ್ನಿ. ಇಬ್ಬರೂ ಬಿಚ್ಚೋ ಲಿಂಕ್ ಹಾಕಿಸಬಹುದಾ?

ಹಾಕಿಸಬಹುದು, ಫಲ ಮಾತ್ರ ಒಂದೇ ಅಲ್ಲ. ಜಿಮ್ನಿಯ ಮುಂದೆ ಅಖಂಡ ಆಕ್ಸಲ್ ಇದೆ. ಒಂದು ಚಕ್ರ ಮೇಲೆ ಹೋದರೆ ಆಕ್ಸಲ್ ಇನ್ನೊಂದನ್ನು ಕೆಳಗೆ ಒತ್ತುತ್ತದೆ. ಬಾರ್ ಬಿಚ್ಚಿದಾಗ ಅಲ್ಲಿ ಆಟ ಚೆನ್ನಾಗಿ ಹೆಚ್ಚುತ್ತದೆ. 2020ರ ನಂತರದ ಥಾರ್‌ಗೆ ಮುಂದೆ ಸ್ವತಂತ್ರ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನೂ ಬೇರೆಯಾಗಿ ಹಿಡಿಯುವ ಮೇಲೊಂದು ಕೆಳಗೊಂದು ಆರ್ಮ್), ಹಿಂದೆ ಅಖಂಡ ಆಕ್ಸಲ್, ಎರಡೂ ಕಡೆ ಬಾರ್. ಮುಂಚಕ್ರದ ಆಟವನ್ನು ಆ ಆರ್ಮ್‌ಗಳೇ ಒಂದು ಮಿತಿಗೆ ಕಟ್ಟಿಹಾಕಿವೆ. ಬಾರ್ ಬಿಚ್ಚಿದರೆ ಚಕ್ರ ಆ ಮಿತಿಯನ್ನು ಸುಲಭವಾಗಿ ಮುಟ್ಟುತ್ತದೆ, ಮಿತಿ ದಾಟುವುದಿಲ್ಲ. ಥಾರ್‌ನವರು ಆ ದುಡ್ಡನ್ನು ಒಳ್ಳೆಯ ಟೈರ್‌ಗೆ ಹಾಕಿದರೆ ಜಾಸ್ತಿ ಲಾಭ ಅಂತ ನನ್ನ ಅನಿಸಿಕೆ.

ಬಿಚ್ಚಿದ್ದನ್ನು ಮರೆತು ಹಾಗೇ ಘಾಟಿ ಇಳಿದ್ರೆ?

ನಾನು ಇಳಿದಿದ್ದೇನೆ. ಬಿಸಿಲೆ ಕಡೆ ಮಳೆಗಾಲದ ಒಂದು ಸಂಜೆ. ಗಾಡಿ ಕೆಳಗೆ ಅಂಗಾತ ಮಲಗಿ ಲಿಂಕ್‌ನ ಪಿನ್ ಎಳೆದವನಿಗೆ ವಾಪಸ್ ಹಾಕುವ ಹೊತ್ತಿಗೆ ಕತ್ತಿನ ಹತ್ತಿರ ಎರಡು ಇಂಬಳ. ಅವುಗಳನ್ನು ಕಿತ್ತು ಎಸೆಯುವ ಗಡಿಬಿಡಿಯಲ್ಲಿ ಒಂದು ಕಡೆಯ ಪಿನ್ ಹಾಕಿದೆ, ಇನ್ನೊಂದು ಮರೆತೆ. ಒಂದು ಕಡೆ ಮಾತ್ರ ಸಿಕ್ಕಿಸಿದ ಬಾರ್ ಬಿಚ್ಚಿದ ಬಾರ್‌ಗೆ ಸಮ. ಮೊದಲ ತಿರುವಿನಲ್ಲೇ ಗಾಡಿ ಎಷ್ಟು ವಾಲಿತು ಅಂದರೆ ಪಕ್ಕದಲ್ಲಿದ್ದವನು ಬಾಗಿಲು ಹಿಡಿದುಕೊಂಡ. ತೂಗಾಡುತ್ತಿದ್ದ ಲಿಂಕ್ ಬ್ರೇಕ್ ಪೈಪಿನ ಹೊರಪದರವನ್ನು ಅಷ್ಟರಲ್ಲೇ ಉಜ್ಜಿತ್ತು.

ಮೇಲೆ ಕೊಟ್ಟ 60-40 ಲೆಕ್ಕದಲ್ಲೇ ನೋಡಿ. ಬಾರ್ ಪೂರ್ತಿ ಹೋದರೆ 6 ಡಿಗ್ರಿ ವಾಲುತ್ತಿದ್ದ ಗಾಡಿ 10 ಡಿಗ್ರಿ ವಾಲುತ್ತದೆ. ಈಗ ನಾನು ಪಿನ್ ತೆಗೆದ ತಕ್ಷಣ ಸ್ಟೀರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಬಿಚ್ಚಿದ ಲಿಂಕನ್ನು ಮೇಲೆ ಕಟ್ಟಿಹಾಕಲು ಒಂದು ಪಟ್ಟಿಯೂ ಜತೆಗಿರುತ್ತದೆ.

ದಾರಿ ಒಂದು ಪಕ್ಕಕ್ಕೆ ಇಳಿಜಾರಾಗಿದ್ರೆ ಬಿಚ್ಚಿರಬೇಕಾ, ಹಾಕಿರಬೇಕಾ?

ಹಾಕಿರಬೇಕು. ಅಡ್ಡ ಇಳಿಜಾರಿನಲ್ಲಿ ಗಾಡಿಯ ಮೈ ಕೆಳಗಿನ ಕಡೆಗೆ ವಾಲುತ್ತದೆ, ಬಾರ್ ಇಲ್ಲದಿದ್ದರೆ ಇನ್ನಷ್ಟು. ಬಂಡೆ ಗುಂಡಿಗಳ ಜಾಗಕ್ಕೆ ಮಾತ್ರ ಬಿಚ್ಚುವುದು, ಅಡ್ಡ ಇಳಿಜಾರು ಬರುವ ಮೊದಲು ಸಿಕ್ಕಿಸುವುದು.

ನಾನು ದುಬೈನಲ್ಲಿದ್ದೀನಿ. ಮರಳಿನಲ್ಲಿ ಹೇಗೆ?

ಮರಳಿನಲ್ಲಿ ವೇಗವೇ ಜೀವಾಳ, ದಿಬ್ಬದ ಪಕ್ಕೆಗಳಲ್ಲಿ ಅಡ್ಡ ಓಡುವುದು ಜಾಸ್ತಿ, ಬಂಡೆಯಂಥ ಏರುಪೇರು ಕಡಿಮೆ. ಬಾರ್ ಹಾಕಿಯೇ ಇರಲಿ. ಅಲ್ಲಿ ನಿಮ್ಮನ್ನು ಕಾಪಾಡುವುದು ಟೈರಿನ ಗಾಳಿ ಇಳಿಸುವುದು.

ಗುಂಡಿ ಒತ್ತಿದ್ರೆ ತಾನೇ ಬಿಚ್ಚಿಕೊಳ್ಳೋ ಬಾರ್ ಇದೆಯಂತೆ, ನಿಜನಾ?

ನಿಜ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 2007ರಿಂದ ಮುಂದಿನ ಬಾರ್ ಎರಡು ತುಂಡಾಗಿದೆ, ನಡುವೆ ವಿದ್ಯುತ್ ಮೋಟಾರಿನಿಂದ ಓಡುವ ಕ್ಲಚ್. ಗುಂಡಿ ಒತ್ತಿದರೆ ಬಿಡುತ್ತದೆ, ವೇಗ ಗಂಟೆಗೆ ಸುಮಾರು 29 ಕಿ.ಮೀ. ದಾಟಿದರೆ ತಾನೇ ಕೂಡಿಕೊಳ್ಳುತ್ತದೆ. 2021ರ ಫೋರ್ಡ್ ಬ್ರಾಂಕೋದ್ದು ಹೈಡ್ರಾಲಿಕ್, ಬಾರ್ ತಿರುಚಿಕೊಂಡಿರುವಾಗಲೂ ಬಿಡುತ್ತದೆ.

ನನಗೆ ಇವೆರಡಕ್ಕಿಂತ ಇಷ್ಟವಾದದ್ದು ಟೊಯೋಟಾದ ಕೆಡಿಎಸ್‌ಎಸ್ (ಕೈನೆಟಿಕ್ ಡೈನಾಮಿಕ್ ಸಸ್ಪೆನ್ಷನ್ ಸಿಸ್ಟಮ್). ಲ್ಯಾಂಡ್ ಕ್ರೂಸರ್ 200ರಲ್ಲಿ ಬಂದಿತ್ತು. ಮುಂದಿನ ಬಾರ್ ಮತ್ತು ಹಿಂದಿನ ಬಾರ್ ಎರಡನ್ನೂ ಎಣ್ಣೆ ತುಂಬಿದ ಕೊಳವೆಗಳಿಂದ ಜೋಡಿಸಿದ್ದಾರೆ. ತಿರುವಿನಲ್ಲಿ ಎರಡೂ ಬಾರ್ ಒಂದೇ ಕಡೆಗೆ ತಿರುಚಿಕೊಳ್ಳುತ್ತವೆ, ಎಣ್ಣೆಗೆ ಹೋಗಲು ಜಾಗವಿಲ್ಲ, ಬಾರ್‌ಗಳು ಗಟ್ಟಿ. ಕಲ್ಲು ಗುಂಡಿಯಲ್ಲಿ ಮುಂದಿನದು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ. ಆಗ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಬಾರ್‌ಗಳು ಇಲ್ಲದಂತೆ ಆಗುತ್ತವೆ. ಒತ್ತಲು ಗುಂಡಿ ಇಲ್ಲ, ಮರೆಯಲು ಪಿನ್ ಇಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹಿಂದಿನ ಬಾರ್ ಮಾತ್ರ ದಪ್ಪ ಮಾಡಿದ್ರೆ ಏನಾಗುತ್ತೆ? ಕಡಿಮೆ ಖರ್ಚಲ್ಲಿ ಮುಗಿಯುತ್ತೆ.

ಖರ್ಚು ಕಡಿಮೆ, ಆದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಆಚೆಗೆ ಹೋಗುವ ಆ 350 ಕಿಲೋವನ್ನು ಬಾರ್ ಕಡಿಮೆ ಮಾಡುವುದಿಲ್ಲ ಅಂದೆ. ಆದರೆ ಅದರಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಅನ್ನುವುದನ್ನು ಬಾರ್‌ಗಳೇ ಹಂಚುತ್ತವೆ. ಗಟ್ಟಿ ಇರುವ ಕಡೆ ಜಾಸ್ತಿ ಪಾಲು. ಜಾಸ್ತಿ ಪಾಲು ಬಂದ ಆಕ್ಸಲ್‌ನಲ್ಲಿ ಎರಡು ಟೈರುಗಳ ಒಟ್ಟು ಹಿಡಿತ ಇಳಿಯುತ್ತದೆ, ಯಾಕೆಂದರೆ ಹೊರಗಿನ ಟೈರಿಗೆ ಸೇರಿದ ತೂಕ ಕೊಡುವ ಹಿಡಿತ, ಒಳಗಿನ ಟೈರು ಕಳೆದುಕೊಂಡದ್ದಕ್ಕಿಂತ ಯಾವಾಗಲೂ ಸ್ವಲ್ಪ ಕಡಿಮೆ.

ಮುಂದೆ ಗಟ್ಟಿ ಮಾಡಿದರೆ ಗಾಡಿಯ ಮೂತಿ ಹೊರಕ್ಕೆ ಜಾರುತ್ತದೆ. ನಾವು ಭಯಬಿದ್ದು ಆಕ್ಸಿಲರೇಟರ್ ಬಿಡುತ್ತೇವೆ, ಮೂತಿ ಒಳಗೆ ಬರುತ್ತದೆ. ಹಿಂದೆ ಗಟ್ಟಿ ಮಾಡಿದರೆ ಬಾಲ ಬೀಸುತ್ತದೆ. ಮಳೆಯಲ್ಲಿ, ಟೂ ವೀಲ್ ಡ್ರೈವ್‌ನಲ್ಲಿ, ಗಿಡ್ಡ ಗಾಡಿಯಲ್ಲಿ ಅದನ್ನು ಸರಿಪಡಿಸಲು ಸಿಗುವ ಸಮಯ ತೀರಾ ಕಡಿಮೆ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಪ್ರಯೋಗ ಮಾಡುವ ವಿಷಯವಲ್ಲ. ಇನ್ನೊಂದು: ಹಿಂದಿನ ಒಳಚಕ್ರ ಹಗುರಾಗುವುದರಿಂದ ಏರು ತಿರುವಿನಲ್ಲಿ ಅದು ಸುಮ್ನೆ ಜಾರಿ ತಿರುಗುತ್ತದೆ, ಎಳೆತ ಹೋಗುತ್ತದೆ.

ಜಿಮ್ನಿಗೆ ಹಿಂದೆ ಬಾರೇ ಇಲ್ಲ, ಹಾಗಾಗಿ ಹಿಂದಿನ ಬಾರ್ ಕಿಟ್ ಮಾರುತ್ತಾರೆ. ಹಾಕುವುದಾದರೆ ತೆಳ್ಳಗಿನದು ಹಾಕಿ, ಖಾಲಿ ಮೈದಾನದಲ್ಲಿ ಓಡಿಸಿ ಅಭ್ಯಾಸ ಮಾಡಿಕೊಳ್ಳಿ.

ಬಾರ್ ತುದಿಯಲ್ಲಿ ಎರಡು ಮೂರು ತೂತು ಇರುತ್ತಲ್ಲ, ಯಾಕೆ? ಟೊಳ್ಳು ಬಾರ್ ಒಳ್ಳೇದಾ?

ತೂತುಗಳು ತೋಳಿನ ಉದ್ದ ಬದಲಿಸಲು. ಲಿಂಕ್ ಒಳಗಿನ ತೂತಿಗೆ ಬಂದರೆ ತೋಳು ಗಿಡ್ಡ, ಬಾರ್ ಬಿಗಿ. ಇದು ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 250 ಮಿ.ಮೀ. ತೋಳನ್ನು 225ಕ್ಕೆ ತಂದರೆ ಬಿಗಿ ಸುಮಾರು ನೂರಕ್ಕೆ 23 ಏರುತ್ತದೆ. ಮೊದಲು ಮೆತ್ತನೆಯ ತೂತಿನಿಂದ ಶುರು ಮಾಡಿ. ಎಡ ಬಲ ಎರಡೂ ಕಡೆ ಒಂದೇ ತೂತು ಅನ್ನುವುದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಬೇರೆ ಬೇರೆ ಹಾಕಿದ ಗಾಡಿ ಕಣ್ಣಾರೆ ನೋಡುವವರೆಗೆ.

ಟೊಳ್ಳು ಬಾರ್ ಮೋಸವಲ್ಲ. ತಿರುಚುವಿಕೆಯನ್ನು ತಡೆಯುವುದು ಹೊರಗಿನ ಪದರವೇ ಹೆಚ್ಚು. 30 ಮಿ.ಮೀ. ಬಾರ್‌ನ ನಡುವಿನ 20 ಮಿ.ಮೀ. ತೆಗೆದುಹಾಕಿದರೂ ಬಿಗಿಯಲ್ಲಿ ನೂರಕ್ಕೆ 80 ಉಳಿಯುತ್ತದೆ, ತೂಕ ನೂರಕ್ಕೆ 56ಕ್ಕೆ ಇಳಿಯುತ್ತದೆ.

ರಬ್ಬರ್ ಬುಷ್ ತೆಗೆದು ಪಾಲಿಯುರೆಥೇನ್ ಹಾಕಿ ಅಂತಾರೆ. ಬರೀ ಬುಷ್‌ನಿಂದ ವ್ಯತ್ಯಾಸ ಇದೆಯಾ?

ಇದೆ, ಸ್ವಲ್ಪ. ರಬ್ಬರ್ ಮೊದಲು ತಾನು ಅದುಮಿಕೊಂಡು ಆಮೇಲೆ ಬಾರ್‌ಗೆ ಕೆಲಸ ಕೊಡುತ್ತದೆ. ಪಾಲಿಯುರೆಥೇನ್ ಅಷ್ಟು ಅದುಮಿಕೊಳ್ಳುವುದಿಲ್ಲ, ಬಾರ್ ಬೇಗ ಕೆಲಸಕ್ಕಿಳಿಯುತ್ತದೆ. ಆದರೆ ಅದಕ್ಕೆ ಆಗಾಗ ಗ್ರೀಸ್ ಬೇಕು, ಇಲ್ಲದಿದ್ದರೆ ಕೀಚ್ ಕೀಚ್ ಅಂತ ಇಡೀ ಊರಿಗೆ ನೀವು ಬಂದದ್ದು ಗೊತ್ತಾಗುತ್ತದೆ. ಕೆಸರಲ್ಲಿ ಓಡಿದ ಪ್ರತಿ ಸಲ ತೊಳೆದು ನೋಡುವ ತಾಳ್ಮೆ ಇಲ್ಲದವರಿಗೆ ರಬ್ಬರೇ ವಾಸಿ.

ಮೊಬೈಲ್ ಆ್ಯಪ್‌ನಲ್ಲಿ ನೋಡಿದೆ, ತಿರುವಿನಲ್ಲಿ 25 ಡಿಗ್ರಿ ವಾಲಿತ್ತು! ಇದು ಅಪಾಯ ಅಲ್ವಾ?

ಗಾಬರಿ ಬೇಡ, ನಿಮ್ಮ ಗಾಡಿ ಅಷ್ಟು ವಾಲಿಲ್ಲ. ಮೊಬೈಲ್‌ನ ಕೋನ ತೋರಿಸುವ ಆ್ಯಪ್‌ಗಳು ಸಾಮಾನ್ಯವಾಗಿ 'ಕೆಳಗೆ' ಯಾವುದು ಅನ್ನುವುದನ್ನು ತೂಕದ ಸೆಳೆತದಿಂದ ಹುಡುಕುತ್ತವೆ. ತಿರುವಿನಲ್ಲಿ ಪಕ್ಕದ ಸೆಳೆತವೂ ಅದರೊಳಗೆ ಬೆರೆತುಹೋಗುತ್ತದೆ. ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಇದ್ದರೆ, ಗಾಡಿ ಒಂದಿಷ್ಟೂ ವಾಲದಿದ್ದರೂ ಅಂಥ ಆ್ಯಪ್ 26 ಡಿಗ್ರಿಗಿಂತ ಜಾಸ್ತಿ ತೋರಿಸುತ್ತದೆ. ನಿಂತ ಗಾಡಿಯಲ್ಲಿ, ಅಡ್ಡ ಇಳಿಜಾರಿನಲ್ಲಿ ಆ ಅಂಕಿ ಸರಿ. ಓಡುವಾಗ ನಂಬಬೇಡಿ.

ನಿಜವಾಗಿ ಅಳೆಯಬೇಕೆಂದರೆ ಖಾಲಿ ಮೈದಾನದಲ್ಲಿ ಸುಣ್ಣದಿಂದ ಒಂದು ವೃತ್ತ ಹಾಕಿ. ಒಂದೇ ವೇಗದಲ್ಲಿ ಸುತ್ತು ಹೊಡೆಯಿರಿ. ಗೆಳೆಯನೊಬ್ಬ ದೂರದಲ್ಲಿ ಸುರಕ್ಷಿತವಾಗಿ ನಿಂತು, ಗಾಡಿ ನೇರ ಎದುರಿಗೆ ಬಂದಾಗ ಫೋಟೋ ತೆಗೆಯಲಿ. ಬಂಪರ್‌ನ ಗೆರೆಗೂ ನೆಲದ ಗೆರೆಗೂ ಇರುವ ಕೋನವನ್ನು ಫೋಟೋದಲ್ಲಿ ಅಳೆಯಿರಿ. ಬಾರ್ ಬದಲಿಸುವ ಮೊದಲು ಒಂದು ಸಲ, ಬದಲಿಸಿದ ಮೇಲೆ ಒಂದು ಸಲ, ಟೈರಿನ ಗಾಳಿ ಎರಡು ಸಲವೂ ಅಷ್ಟೇ ಇರಲಿ.